ಭೂಕಾಂತೀಯ ಕ್ಷೋಭೆ: ಸೌರ ಬಿರುಗಾಳಿಯಿಂದ, ಅಣುಸ್ಫೋಟದಿಂದ

1989ರ ಮಾರ್ಚ್ 13ರ ನಸುಕಿನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಒಂದೂವರೆ ನಿಮಿಷದಲ್ಲಿ ಕುಸಿದುಬಿತ್ತು. ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕಾಲ ಕತ್ತಲಲ್ಲಿದ್ದರು. ಸಿಡಿಲು ಬಡಿದಿರಲಿಲ್ಲ, ಕಾರಣ 15 ಕೋಟಿ ಕಿಲೋಮೀಟರ್ ದೂರದ ಸೂರ್ಯನಲ್ಲಿತ್ತು.

ಸೂರ್ಯನ ಹೊರಕವಚವಾದ ಕರೋನಾದಿಂದ ಆಗಾಗ ವಿದ್ಯುದಾವೇಶಯುಕ್ತ ಅನಿಲರಾಶಿ ಚಿಮ್ಮುತ್ತದೆ. ಭೂಮಿಯತ್ತ ಹೊರಟದ್ದು ಸಾಮಾನ್ಯವಾಗಿ ಒಂದರಿಂದ ನಾಲ್ಕು ದಿನಗಳಲ್ಲಿ ಬಂದು ತಲುಪಿ, ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸುತ್ತದೆ. ಈ ಏರಿಳಿತದಿಂದ ನೆಲದಲ್ಲಿ ಹುಟ್ಟುವ ವಿದ್ಯುತ್ ಕ್ಷೇತ್ರ ಕಿಲೋಮೀಟರಿಗೆ ಕೆಲವೇ ವೋಲ್ಟ್. ಆದರೆ ನೂರಾರು ಕಿಲೋಮೀಟರ್ ಉದ್ದದ ತಂತಿಯಲ್ಲಿ ಅದು ಕೂಡುತ್ತಾ ಹೋಗುತ್ತದೆ. ಹೀಗೆ ಹರಿಯುವ ನಿಧಾನಗತಿಯ ಪ್ರವಾಹ ಟ್ರಾನ್ಸ್‌ಫಾರ್ಮರಿನ ಭೂಸಂಪರ್ಕದ ಮೂಲಕ ಒಳಹೊಕ್ಕು, ಅದರ ಕಬ್ಬಿಣದ ತಿರುಳಿನ ಕಾಂತಧಾರಣೆಯನ್ನು ಮಿತಿಮೀರಿಸುತ್ತದೆ. ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ, ಜಾಲದ ವೋಲ್ಟೇಜ್ ಕುಗ್ಗುತ್ತದೆ. ಕ್ವಿಬೆಕ್‌ನ ಪುರಾತನ ಶಿಲಾಸ್ತರ ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದ್ದರಿಂದ ಅಲ್ಲಿ ತಂತಿಗಳೇ ದಾರಿಯಾದವು.

ಇದೇ ಕೆಲಸವನ್ನು ಬಾಂಬೂ ಮಾಡಬಲ್ಲದು. 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್ ಸಾಗರದ ಮೇಲೆ, 400 ಕಿಲೋಮೀಟರ್ ಎತ್ತರದಲ್ಲಿ, 1.4 ಮೆಗಾಟನ್ ಸಾಮರ್ಥ್ಯದ 'ಸ್ಟಾರ್‌ಫಿಶ್ ಪ್ರೈಮ್' ಬಾಂಬನ್ನು ಸಿಡಿಸಿತು. 1,400 ಕಿಲೋಮೀಟರಿಗೂ ಆಚೆಯ ಹವಾಯಿಯಲ್ಲಿ ಬೀದಿದೀಪಗಳು ಆರಿದವು. ಅದೇ ಅಕ್ಟೋಬರಿನಲ್ಲಿ ಸೋವಿಯತ್ ಒಕ್ಕೂಟ ಕಝಾಕಸ್ತಾನದ ಮೇಲೆ ನಡೆಸಿದ ಪರೀಕ್ಷೆಯಲ್ಲಿ 570 ಕಿಲೋಮೀಟರ್ ಉದ್ದದ ದೂರವಾಣಿ ಮಾರ್ಗದ ಫ್ಯೂಸುಗಳು ಸುಟ್ಟವು. ಅಣುಸ್ಫೋಟದ ಮೊದಲ ಮಿಡಿತ ಕ್ಷಣಾರ್ಧಕ್ಕಿಂತಲೂ ಅದೆಷ್ಟೋ ಚಿಕ್ಕದು. ಅದು ಎಲೆಕ್ಟ್ರಾನಿಕ್ ಉಪಕರಣಗಳಿಗೆ ಮಾರಕ. ಸೌರ ಬಿರುಗಾಳಿಗೆ ಆ ಶಕ್ತಿಯಿಲ್ಲ. ಸೆಕೆಂಡುಗಳಿಂದ ನಿಮಿಷಗಳವರೆಗೆ ಉಳಿಯುವ ಕೊನೆಯ ಹಂತ ಮಾತ್ರ ಸೌರ ಬಿರುಗಾಳಿಯನ್ನೇ ಹೋಲುತ್ತದೆ. 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದ ವಾತಾವರಣ, ಬಾಹ್ಯಾಕಾಶ ಮತ್ತು ಸಾಗರದಾಳದ ಸ್ಫೋಟಗಳನ್ನು ನಿಷೇಧಿಸಿತು.

ಕಾಂತೀಯ ಸಮಭಾಜಕದ ಸಮೀಪವಿರುವ ದಕ್ಷಿಣ ಭಾರತದ ವಿದ್ಯುತ್ ಜಾಲಕ್ಕೆ ಉತ್ತರದ ದೇಶಗಳಷ್ಟು ಭಯವಿಲ್ಲ. ಹಾಗೆಂದು ನಾವು ಪೂರ್ತಿ ಹೊರಗಿನವರೂ ಅಲ್ಲ: 1859ರ ಸೆಪ್ಟೆಂಬರಿನ ಮಹಾಬಿರುಗಾಳಿಯಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯ ಸುಮಾರು 1,600 ನ್ಯಾನೋಟೆಸ್ಲಾದಷ್ಟು ಕುಸಿತವನ್ನು ದಾಖಲಿಸಿತ್ತು. ಉಪಗ್ರಹ, ಜಿಪಿಎಸ್‌ಗಳ ಮೇಲಿನ ಪರಿಣಾಮಕ್ಕೂ ಅಕ್ಷಾಂಶದ ರಿಯಾಯಿತಿ ಹೆಚ್ಚಿಲ್ಲ.

ಎರಡರ ನಡುವಿನ ದೊಡ್ಡ ವ್ಯತ್ಯಾಸ ಮುನ್ಸೂಚನೆ. 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ನೆಲೆ ಸೇರಿದ ಇಸ್ರೋದ ಆದಿತ್ಯ-ಎಲ್1 ನೌಕೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಿರ್ಮಿಸಿದ ಕರೋನಾ ವೀಕ್ಷಕವಿದೆ. ಅನಿಲರಾಶಿ ಹೊರಟದ್ದು ಅಲ್ಲಿಂದ ಕಾಣುತ್ತದೆ. ಅದು ತರುವ ಕಾಂತಕ್ಷೇತ್ರದ ದಿಕ್ಕು ಮಾತ್ರ ಅಂಥ ನೌಕೆಗಳನ್ನು ದಾಟುವಾಗಲಷ್ಟೇ ಖಚಿತವಾಗುತ್ತದೆ. ಆಮೇಲೆ ಜಾಲ ನಿರ್ವಾಹಕರಿಗೆ ಉಳಿಯುವುದು ಅರ್ಧ ಗಂಟೆಯಿಂದ ಒಂದು ಗಂಟೆ.