ಗೆರೆ, ಗುರುತು, ಬಿ ಫಾರಂ: ಪಾವಗಡ ಸೀಮೆಯ ಚುನಾವಣೆಯ ಹಾದಿ

ಉತ್ತರ ಪಿನಾಕಿನಿಯ ದಡದ ನಾಗಲಮಡಿಕೆ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಊರು. ಆದರೆ ಅಲ್ಲಿಯ ಮತದಾರರು ಆರಿಸುವುದು ಚಿತ್ರದುರ್ಗದ ಸಂಸದರನ್ನು. ಶಿರಾದ್ದೂ ಅದೇ ಕಥೆ. ಪಕ್ಕದ ಮಧುಗಿರಿ, ಕೊರಟಗೆರೆ ಮಾತ್ರ ತುಮಕೂರು ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಯಾರು ಗೆದ್ದರು ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಯಾರು ನಿಲ್ಲಬಹುದು ಎಂದು ತೀರ್ಮಾನಿಸುವವರು ಯಾರು ಎಂಬುದೇ ನನಗೆ ದೊಡ್ಡ ಪ್ರಶ್ನೆ.

ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ಆರಂಭವಾದಾಗ ಜಮೀನು, ವ್ಯಾಪಾರ ಇದ್ದವರಿಗಷ್ಟೇ ಅಲ್ಲಿ ಜಾಗ. 1951–52ರ ಮೊದಲ ಮಹಾಚುನಾವಣೆ ಆ ಬೇಲಿಯನ್ನು ಕಿತ್ತುಹಾಕಿತು. ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಗುರುತು; ಓದು ಬಾರದ ಕೂಲಿಯಾಳೂ ಚೀಟಿ ಹಾಕಬಹುದಿತ್ತು. ಮುಂದೆ ಮುದ್ರೆ ಒತ್ತುವ ಮತಪತ್ರ, 1989ರಲ್ಲಿ ಹದಿನೆಂಟರ ವಯಸ್ಸು, 2004ರಲ್ಲಿ ಎಲ್ಲೆಡೆ ಮತಯಂತ್ರ ಬಂದವು.

ಕ್ಷೇತ್ರದ ಗೆರೆಯ ಬಲ ಈ ಸೀಮೆಗೆ ಕಂಡದ್ದು 2008ರಲ್ಲಿ. ಕುಲದೀಪ್ ಸಿಂಗ್ ಆಯೋಗದ ಮರುವಿಂಗಡಣೆಯಲ್ಲಿ ಮಧುಗಿರಿಯ ಪರಿಶಿಷ್ಟ ಜಾತಿ ಮೀಸಲಾತಿ ಕೊರಟಗೆರೆಗೆ ಹೋಯಿತು. ಮಧುಗಿರಿಯ ಶಾಸಕರಾಗಿದ್ದ ಜಿ. ಪರಮೇಶ್ವರ ಅವರೂ ಕೊರಟಗೆರೆಗೆ ಬಂದು ಗೆದ್ದರು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಇಂಥ ಗೆರೆ ಎಳೆಯುವುದು ಶಾಸನಸಭೆ, ಎಂದರೆ ಗೆದ್ದ ಪಕ್ಷವೇ. ಆ ವಿಷಯದಲ್ಲಿ ನಮ್ಮ ಆಯೋಗ ಮೇಲು. ಆದರೆ ಅಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಪ್ರಾಥಮಿಕ ಚುನಾವಣೆಯಲ್ಲಿ ಸಾಮಾನ್ಯ ಮತದಾರರೇ ಮತ ಹಾಕಿ ಹೇಳುತ್ತಾರೆ. ಇಲ್ಲಿ ಪಕ್ಷ ತನ್ನ ಅಭ್ಯರ್ಥಿಗೆ ಕೊಡುವ ಬಿ ಫಾರಂ ಬೆಂಗಳೂರು, ದೆಹಲಿಯಿಂದ ಇಳಿಯಬೇಕು.

ಬಿ ಫಾರಂ ಇಲ್ಲದೆಯೂ ಗೆಲ್ಲಬಹುದೆಂದು ಪಾವಗಡ ಅದೇ ವರ್ಷ ತೋರಿಸಿತು. ಮೀಸಲು ಕ್ಷೇತ್ರದ ಜನ ಪಕ್ಷೇತರರಾಗಿ ನಿಂತಿದ್ದ ವೆಂಕಟರಮಣಪ್ಪ ಅವರನ್ನು ಆರಿಸಿದರು. 224ರ ಸದನದಲ್ಲಿ 110 ಗೆದ್ದಿದ್ದ ಬಿಜೆಪಿಗೆ ಬಹುಮತಕ್ಕೆ ಮೂರು ಕಡಿಮೆ. ಐವರು ಪಕ್ಷೇತರರು ಬೆಂಬಲ ಕೊಟ್ಟು ಮಂತ್ರಿಗಳಾದರು, ಅವರಲ್ಲಿ ಇವರೂ ಒಬ್ಬರು. 2010ರಲ್ಲಿ ಬೆಂಬಲ ಹಿಂತೆಗೆದಾಗ, 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ಸಭಾಧ್ಯಕ್ಷರು ಐವರನ್ನೂ ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಆ ಆದೇಶವನ್ನು ರದ್ದು ಮಾಡಿತು. ಪಕ್ಷವೇ ಇಲ್ಲದವರನ್ನು ಪಕ್ಷಾಂತರದ ಹೆಸರಲ್ಲಿ ಹೊರಹಾಕಿದ್ದು ಪಾವಗಡದ ಮತಕ್ಕೆ ಆದ ಅನ್ಯಾಯವೆಂದೇ ನಾನು ನಂಬಿದ್ದೇನೆ.

ಮೀಸಲಾತಿ ಅಧಿಕಾರ ಕೊಟ್ಟಿತು, ನಿಜ. ಊರಿನ ಬಾಗಿಲು ತೆರೆಸುವುದು ಬೇರೆಯೇ ಕೆಲಸ. 2019ರ ಸೆಪ್ಟೆಂಬರಿನಲ್ಲಿ ಇದೇ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿಯ ಗೊಲ್ಲರಹಟ್ಟಿಗೆ ಹೋದ, ಮೀಸಲು ಕ್ಷೇತ್ರವಾದ ಚಿತ್ರದುರ್ಗದ ಆಗಿನ ಸಂಸದ ಎ. ನಾರಾಯಣಸ್ವಾಮಿ ಅವರನ್ನು ಜಾತಿಯ ಕಾರಣಕ್ಕೆ ಹಟ್ಟಿಯ ಹೊರಗೇ ತಡೆದರು.

ಊರಿನ ಮಟ್ಟದ ಚುನಾವಣೆಗೆ ಬಂದರೆ, ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಆದರೂ ಫಲಿತಾಂಶದ ಮರುದಿನ ಪತ್ರಿಕೆಗಳಲ್ಲಿ ‘ಕಾಂಗ್ರೆಸ್ ಬೆಂಬಲಿತ’, ‘ಜೆಡಿಎಸ್ ಬೆಂಬಲಿತ’ ಎಂಬ ಪಟ್ಟಿ ತಪ್ಪುವುದಿಲ್ಲ. ಇದರಲ್ಲಿ ತಪ್ಪು ಕಾಣದ ನನಗೆ ನೋವು ತರುವುದು ಮೇಲಿನ ಎರಡು ಹಂತಗಳು. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ದುಡಿಮೆಯಿಂದ 1987ರಲ್ಲಿ ಜಿಲ್ಲಾ ಪರಿಷತ್ತಿಗೆ ಚುನಾವಣೆ ಕಂಡ ರಾಜ್ಯವಿದು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಕಳೆದ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರದ ಗೆರೆ ಎಳೆಯುವ ಅಧಿಕಾರವನ್ನು ಸರ್ಕಾರ ಅದೇ ವರ್ಷ ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆಯಿತು. ಅಲ್ಲಿಂದ ವರ್ಷಗಟ್ಟಲೆ ಆ ಸದಸ್ಯರ ಕುರ್ಚಿಗಳು ಖಾಲಿ, ಆಡಳಿತ ಅಧಿಕಾರಿಗಳ ಕೈಯಲ್ಲಿ.