ತಿಪ್ಪೆಗೆ ಬಿದ್ದ ಇದ್ದಿಲು

ಮಾಸ್ತಿ ಎಂದೊಡನೆ ಓದುಗರಿಗೆ ನೆನಪಾಗುವುದು ವೆಂಕಟೇಶ ಅಯ್ಯಂಗಾರ್ಯರು. ಆದರೆ ಮಾಲೂರು ತಾಲ್ಲೂಕಿನ ಆ ಊರಿನ ಸುತ್ತಣ ರೈತನಿಗೆ ಮಾಸ್ತಿ ಎಂದರೆ ಕೆಂಪು ಮಣ್ಣು, ರಾಗಿ, ಹಿಪ್ಪುನೇರಳೆ. ನೀರನ್ನು ಬಹಳ ದಿನ ಹಿಡಿದಿಡಲಾರದ ಈ ನೆಲಕ್ಕೆ ಹಿಂದಿನವರು ತಿಪ್ಪೆ ಗೊಬ್ಬರ, ಕೆರೆಗೋಡು ಹೊಡೆಯುತ್ತಿದ್ದರು. ತಿಪ್ಪೆಯಲ್ಲಿ ಸಗಣಿ, ಕಸಕಡ್ಡಿಯ ಜೊತೆಗೆ ಸೌದೆ ಒಲೆಯ ಬೂದಿಯೂ ಇರುತ್ತಿತ್ತು. ಬೂದಿಯೊಳಗೆ ಪೂರ್ತಿ ಸುಡದ ಇದ್ದಿಲ ಚೂರುಗಳೂ ಇರುತ್ತಿದ್ದವು. ಬೂದಿಯ ಬೆಲೆ ಎಲ್ಲರಿಗೂ ಗೊತ್ತಿತ್ತು. ಆ ಕರಿಯ ಚೂರುಗಳನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಮಣ್ಣಿಗೆಂದೇ ಸುಟ್ಟು ಮಾಡಿದ ಅಂಥ ಇದ್ದಿಲನ್ನು ವಿಜ್ಞಾನಿಗಳು ಈಗ ಬಯೋಚಾರ್ ಎನ್ನುತ್ತಾರೆ.

ಬೂದಿಗೂ ಇದ್ದಿಲಿಗೂ ವ್ಯತ್ಯಾಸ ತರುವುದು ಗಾಳಿ. ಗಾಳಿ ಧಾರಾಳವಾಗಿ ಸಿಕ್ಕರೆ ಕಟ್ಟಿಗೆಯ ಇಂಗಾಲವೆಲ್ಲ ಅನಿಲವಾಗಿ ಹಾರಿಹೋಗಿ ಬೂದಿ ಉಳಿಯುತ್ತದೆ. ಗಾಳಿ ತಡೆದು ಸುಟ್ಟರೆ ಇಂಗಾಲದ ಸುಮಾರು ಅರ್ಧಪಾಲು ಇದ್ದಿಲಿನಲ್ಲೇ ನಿಲ್ಲುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಸುಲಭವಾಗಿ ಅರಗಿಸಲಾರವು.

ಇದಕ್ಕೆ ಸಾಕ್ಷಿ ನಮ್ಮ ನಾಡಿನಲ್ಲೇ ಇದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದರು. ಅಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 1000ದ ಸುಮಾರಿಗೇ ಇತ್ತೆಂದು ತಿಳಿದದ್ದು ಸಿಕ್ಕಿದ ಇದ್ದಿಲಿನ ಕಾಲನಿರ್ಣಯದಿಂದ. ಮೂರು ಸಾವಿರ ವರ್ಷ ನೆಲದಡಿ ಇದ್ದೂ ಅದು ಕೊಳೆತಿರಲಿಲ್ಲ.

ಅತ್ತ ದಕ್ಷಿಣ ಅಮೆರಿಕದ ಅಮೆಜಾನ್ ಕಾಡಿನ ಸತ್ವಹೀನ ಮಣ್ಣಿನ ನಡುವೆ ಅಲ್ಲಲ್ಲಿ ಫಲವತ್ತಾದ ಕಪ್ಪು ನೆಲವಿದೆ. ಡಚ್ ಮಣ್ಣುವಿಜ್ಞಾನಿ ವಿಮ್ ಸೊಂಬ್ರೂಕ್ 1966ರಲ್ಲಿ ಅದನ್ನು ವಿವರಿಸಿದರು. ಹಿಂದಿನ ಜನವಸತಿಗಳ ಇದ್ದಿಲು, ಮೂಳೆ, ಕಸ ಸೇರಿ ಆದ ಮಣ್ಣದು. ನಮ್ಮ ಕರಾವಳಿಯ ರೈತರು ತರಗೆಲೆ, ಕಸಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ಸುಟ್ಟು 'ಸುಡುಮಣ್ಣು' ಮಾಡುವುದೂ ಇದರ ದಾಯಾದಿಯೇ.

ಈಗ ಇದರ ಚರ್ಚೆ ಹವಾಮಾನದ ಕಾರಣಕ್ಕೆ. ಯೂರಿಯಾ ಹಾಕಿದ ನೆಲ ತೊಯ್ದು ಗಾಳಿಯಾಡದಂತಾದಾಗ ನೈಟ್ರಸ್ ಆಕ್ಸೈಡ್ ಏಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಲವುಳ್ಳದ್ದು. ಇದ್ದಿಲು ಬೆರೆಸಿದ ಹಲವು ಪ್ರಯೋಗಗಳಲ್ಲಿ ಈ ಅನಿಲ ಕಡಿಮೆಯಾಗಿದೆ. ಆದರೆ ಎಲ್ಲ ಮಣ್ಣಿನಲ್ಲೂ ಒಂದೇ ಸಮನಾಗಿ ಅಲ್ಲ. ಬರೀ ಇದ್ದಿಲು ಹಾಕಿದರೆ ಮೊದಮೊದಲು ಬೆಳೆಗೆ ಬೇಕಾದ ಸಾರಜನಕವನ್ನು ಅದೇ ಹಿಡಿದುಕೊಳ್ಳುವುದೂ ಉಂಟು. ಆದ್ದರಿಂದ ಗೊಬ್ಬರದಲ್ಲಿ ನೆನೆಸಿ, ಕಳಿಸಿ ಹಾಕುವುದು ಒಳ್ಳೆಯದು. ಎಂದರೆ, ಅದರ ಜಾಗ ತಿಪ್ಪೆಯೇ.

ಉಳಿದ ಪ್ರಶ್ನೆ, ಸುಡುವುದು ಏನನ್ನು? ಇದ್ದಿಲಿಗಾಗಿ ಮರ ಕಡಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ರೇಷ್ಮೆಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ, ತೆಂಗಿನ ಚಿಪ್ಪು ಇದಕ್ಕೆ ಒದಗಬಲ್ಲವು. ಆದರೆ ಬಡವರ ಮನೆಯಲ್ಲಿ ಆ ಕಡ್ಡಿಯೇ ಸೌದೆ. ಒಲೆಗೂ ಹೊಲಕ್ಕೂ ಪೈಪೋಟಿ ಬಂದರೆ ಗೆಲ್ಲುವುದು ಒಲೆಯೇ, ಗೆಲ್ಲಬೇಕಾದದ್ದೂ ಅದೇ.

ಅಡುಗೆಮನೆಗೆ ಗ್ಯಾಸ್ ಬಂದು ಹೆಂಗಸರ ಕಣ್ಣಿಗೆ ಹೊಗೆಯ ಕಾಟ ತಪ್ಪಿತು. ಅದು ದೊಡ್ಡ ಉಪಕಾರ. ಜೊತೆಗೇ, ಕೇಳದೆ ತಿಪ್ಪೆಗೆ ಬೀಳುತ್ತಿದ್ದ ಇದ್ದಿಲೂ ನಿಂತಿತು. ಅಜ್ಜಿ ಒಲೆ ಗೋರಿ ಸುರಿದು ಬರುತ್ತಿದ್ದುದನ್ನು ಮೊಮ್ಮಗ ಇನ್ನು ಲೆಕ್ಕ ಹಾಕಿ ಮಾಡಬೇಕಾಗಿದೆ.