ಗ್ರಂಥಿ ಜ್ವರ, ಆಟಗಾರರು ಮತ್ತು ಒಂದು ಬಾಟ್ಲಿ ಡ್ರಿಪ್ಸ್

ನಮ್ಮ ವಿಜಯನಗರದ ಕಡೆ ಯಾರಿಗೆ ಜ್ವರ ಬಂದರೂ ಸಿಗುವ ಸಲಹೆ ಒಂದೇ... "ಒಂದು ಬಾಟ್ಲಿ ಡ್ರಿಪ್ಸ್ ಹಾಕಿಸ್ಕೊಳ್ಳಿ, ನಾಳೆ ಎದ್ದು ಓಡಾಡ್ತೀರ!" ಆದರೆ ವಾರಗಟ್ಟಲೆ ಸುಸ್ತು ಬಿಡದ ಜ್ವರಗಳೂ ಇವೆ. ಗ್ರಂಥಿ ಜ್ವರ ಅಂಥದ್ದು. ಕತ್ತಿನ ಗಂಟುಗಳು ಊದುತ್ತವೆ, ಗಂಟಲು ನೋಯುತ್ತದೆ, ಮೈಯಲ್ಲಿ ಶಕ್ತಿಯೇ ಇರೋದಿಲ್ಲ.

1889ರಲ್ಲಿ ಜರ್ಮನಿಯ ವೈದ್ಯ ಎಮಿಲ್ ಫೈಫರ್ ಇದಕ್ಕೆ ಈ ಹೆಸರಿಟ್ಟ. 1964ರಲ್ಲಿ ಎಪ್‌ಸ್ಟೀನ್, ಅಚಾಂಗ್, ಬಾರ್ ಎಂಬ ಮೂವರು ಕ್ಯಾನ್ಸರ್ ಗಡ್ಡೆಯೊಂದರ ಜೀವಕೋಶಗಳಲ್ಲಿ ಹೊಸ ವೈರಸ್ ಕಂಡರು. ಈ ಜ್ವರಕ್ಕೂ ಅದೇ ಕಾರಣ ಅಂತ ತಿಳಿದದ್ದು ಆಕಸ್ಮಿಕವಾಗಿ. ಫಿಲಡೆಲ್ಫಿಯಾದ ಹೆನ್ಲೆ ದಂಪತಿಗಳ ಲ್ಯಾಬಿನ ಟೆಕ್ನೀಶಿಯನ್‌ಗೇ ಜ್ವರ ಬಂತು. ಮೊದಲು ಇಲ್ಲದ ಪ್ರತಿಕಾಯ ಆಮೇಲೆ ರಕ್ತದಲ್ಲಿ ಕಾಣಿಸಿತು! 1968ರಲ್ಲಿ ಅದು ಪ್ರಕಟವಾಯಿತು.

ಆಟಗಾರರ ಕಥೆಗೆ ಬರೋಣ. ಫೆಡರರ್‌ಗೆ ಈ ಜ್ವರ ಬಂದಿತ್ತೆಂದು 2008ರ ಮಾರ್ಚ್‌ನಲ್ಲಿ ಗೊತ್ತಾಯಿತು, ಸೆಪ್ಟೆಂಬರ್‌ನಲ್ಲಿ ಯು.ಎಸ್. ಓಪನ್ ಗೆದ್ದ. ಸೋಡರ್ಲಿಂಗ್ 2011ರ ಜುಲೈನಲ್ಲಿ ಬಾಸ್ತಾದ್ ಟೂರ್ನಿ ಗೆದ್ದವನು ಮತ್ತೆ ಪಂದ್ಯವನ್ನೇ ಆಡಲಿಲ್ಲ, 2015ರಲ್ಲಿ ನಿವೃತ್ತನಾದ. ಸೈಕಲ್ ಸವಾರ ಕ್ಯಾವೆಂಡಿಶ್‌ಗೆ 2017 ಮತ್ತು 2018ರಲ್ಲಿ ಎರಡು ಸಲ ಕಾಡಿತು. 2024ರಲ್ಲಿ ಟೂರ್ ಡಿ ಫ್ರಾನ್ಸ್‌ನ 35ನೇ ಹಂತ ಗೆದ್ದು ದಾಖಲೆ ಮಾಡಿದ. ಒಂದೇ ವೈರಸ್, ಮೂವರಿಗೆ ಮೂರು ದಾರಿ.

ಬೇಗ ಗುಣವಾಗೋ ಮದ್ದು? ಇಲ್ಲ ಸ್ವಾಮಿ. ಆಂಟಿಬಯಾಟಿಕ್ ವೈರಸ್‌ಗೆ ತಾಗೋದಿಲ್ಲ. ಅಮಾಕ್ಸಿಸಿಲಿನ್ ನುಂಗಿದರೆ ಮೈತುಂಬ ದದ್ದು ಏಳಬಹುದು. ಸ್ಟೀರಾಯ್ಡ್ ಬೇಕಾಗೋದು ಗಂಟಲು ಊದಿ ಉಸಿರು ಕಟ್ಟುವಂಥ ಸಂದರ್ಭದಲ್ಲಿ. ಊದಿದ ಗುಲ್ಮ ಒಡೆಯುವ ಅಪಾಯ ಇರೋದರಿಂದ ಕನಿಷ್ಠ 3 ವಾರ ಆಟ ಬೇಡ ಅನ್ನುತ್ತಾರೆ ವೈದ್ಯರು.

ಇನ್ನು ಆ ಡ್ರಿಪ್ಸ್! ಆಸ್ಪತ್ರೆಯ ಚಿಕಿತ್ಸೆ, ತಪಾಸಣೆಗಳ ಹೊರತು 12 ಗಂಟೆಯಲ್ಲಿ 100 ಮಿ.ಲೀ. ಮೀರಿದರೆ ಅದು ವಾಡಾ ನಿಯಮದಲ್ಲಿ ಡೋಪಿಂಗ್. ಒಂದು ಬಾಟ್ಲಿ ಅಂದ್ರೆ 500 ಮಿ.ಲೀ.!

ಕೆಂಗೇರಿ ದಾರಿಯಲ್ಲಿರುವ ಸಾಯ್ ಕೇಂದ್ರವನ್ನೇ ನೋಡಿ. ಅಲ್ಲಿ ಬಂದದ್ದು ಬೇರೆ ವೈರಸ್. 2020ರ ಆಗಸ್ಟ್‌ನಲ್ಲಿ 6 ಹಾಕಿ ಆಟಗಾರರಿಗೆ ಕೋವಿಡ್ ಬಂತು, ಮನ್‌ದೀಪ್‌ಗೆ ಆಮ್ಲಜನಕ ಕಡಿಮೆಯಾಗಿ ಆಸ್ಪತ್ರೆ ಸೇರಿಸಿದರು. ಒಲಿಂಪಿಕ್ಸ್ ಮುಂದಕ್ಕೆ ಹೋಗಿರದಿದ್ದರೆ ಅದು ನಡೀಬೇಕಿದ್ದದ್ದು ಅದೇ ದಿನಗಳಲ್ಲಿ! ವರ್ಷದ ನಂತರ, 2021ರ ಆಗಸ್ಟ್ 5ರಂದು, ಅವರಲ್ಲೇ ಒಬ್ಬನಾದ ಮನ್‌ಪ್ರೀತ್ ನಾಯಕತ್ವದಲ್ಲಿ, ಮನ್‌ದೀಪ್ ಕೂಡ ಇದ್ದ ತಂಡ ಜರ್ಮನಿಯನ್ನು 5-4ರಿಂದ ಸೋಲಿಸಿ ಕಂಚು ತಂದಿತು. 41 ವರ್ಷಗಳ ನಂತರದ ಹಾಕಿ ಪದಕ.

ಅವರಿಗೆ ಒಂದು ವರ್ಷ ಸಿಕ್ಕಿತು. ಮುಂದಿನ ವಾರ ಸೆಲೆಕ್ಷನ್ ಇದೆ ಅಂತ ಜ್ವರದಲ್ಲೇ ಗ್ರೌಂಡಿಗೆ ಹೊರಡೋ ನಮ್ಮ ಏರಿಯಾದ ಹುಡುಗರಿಗೆ 3 ವಾರ ಕೊಡೋಕೂ ನಮಗೆ ಮನಸ್ಸಿಲ್ಲವಲ್ಲ, ಏನಂತೀರಿ?